ಎಂಟು ಕೀಗಳ ಹಳೆಯ ಮರದ ಫ್ಲೂಟ್: ಹಲವು ವರ್ಷ ನುಡಿಸಿದ ಮೇಲೆ

ಕೋಕಸ್ ಮರದ ಈ ಇಂಗ್ಲಿಷ್ ಫ್ಲೂಟ್ ಹತ್ತೊಂಬತ್ತನೆಯ ಶತಮಾನದ್ದು. ಹಲವು ವರ್ಷಗಳಿಂದ ಇದನ್ನೇ ನುಡಿಸುತ್ತಿದ್ದೇನೆ. ಇಂದಿನ ಫ್ಲೂಟ್‌ಗಳ ಬೋಮ್ ಪದ್ಧತಿಯ ಬೆರಳಿಕೆಗೆ ಒಗ್ಗಿದವರನ್ನು ಇಲ್ಲಿ ಮೊದಲು ತಡವರಿಸುವಂತೆ ಮಾಡುವುದು ಬಲಗೈ ತೋರುಬೆರಳು: ಅಲ್ಲಿ ಎಫ್ ಕೊಡುವ ಆ ಬೆರಳು ಇಲ್ಲಿ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಕೊಡುತ್ತದೆ.

ಎಫ್ ಸ್ವರಕ್ಕೆ ಮೂರು ದಾರಿಗಳಿವೆ. ಬಲಗೈ ಉಂಗುರಬೆರಳಿನ ಗಿಡ್ಡ ಕೀ (ರಂಧ್ರ ತೆರೆಯುವ ಲೋಹದ ಮುಚ್ಚಳ) ಒತ್ತಿದರೆ ನಾದ ತುಂಬಿ ಬರುತ್ತದೆ. ಆದರೆ ಡಿ ಸ್ವರದಲ್ಲಿ ಅದೇ ಬೆರಳು ರಂಧ್ರವನ್ನು ಮುಚ್ಚಿರುವುದರಿಂದ, ಅಲ್ಲಿಂದ ಕೀಗೆ ಜಾರುವಷ್ಟರಲ್ಲಿ ನಡುವೆ ಇ ಸ್ವರ ಇಣುಕಿಬಿಡುತ್ತದೆ. ಈ ತೊಂದರೆ ತಪ್ಪಿಸಲೆಂದೇ ಎಡಗೈ ಕಿರುಬೆರಳಿಗೆ ಉದ್ದನೆಯ ಎಫ್ ಕೀಯನ್ನು ಇಟ್ಟಿದ್ದಾರೆ. ಮೂರನೆಯದು, ಕೀ ಮುಟ್ಟದೆ ನಡುಬೆರಳನ್ನು ಮಾತ್ರ ಎತ್ತುವ ಅಡ್ಡ ಬೆರಳಿಕೆ. ದೊಡ್ಡ ರಂಧ್ರಗಳ ಈ ಫ್ಲೂಟಿನಲ್ಲಿ ಅದು ಮಂಕಾಗಿ, ಶ್ರುತಿಯಲ್ಲಿ ಏರಿ ಕೇಳಿಸುವುದರಿಂದ ವೇಗದ ಸಾಲುಗಳಿಗಷ್ಟೇ ಸಾಕು. ಇ ಸ್ವರ ಸೊರಗಿದಾಗ ಇ ಫ್ಲಾಟ್ ಕೀಯನ್ನೂ ತೆರೆದರೆ ಅದಕ್ಕೆ ಬಲ ಬರುತ್ತದೆ. ಹೀಗೆ ಒಂದೊಂದು ಸ್ವರದ ಬಣ್ಣವನ್ನೂ ನುಡಿಸುವವರೇ ಆರಿಸಿಕೊಳ್ಳಬಹುದೆಂಬುದು ನನಗೆ ಇದರ ದೊಡ್ಡ ಸಂಪತ್ತು.

1831ರಲ್ಲಿ ಲಂಡನ್‌ನಲ್ಲಿ ವಾದಕ ಚಾರ್ಲ್ಸ್ ನಿಕೋಲ್ಸನ್ ಅವರ ದೊಡ್ಡ ರಂಧ್ರಗಳ ಫ್ಲೂಟ್ ಕೇಳಿ ಬೆರಗಾದ ಜರ್ಮನಿಯ ಫ್ಲೂಟ್ ವಾದಕ ಹಾಗೂ ತಯಾರಕ ಬೋಮ್, 1832ರಲ್ಲಿ ಉಂಗುರ ಕೀಗಳ (ರಂಧ್ರದ ಸುತ್ತ ಉಂಗುರವಿರುವ ಕೀಗಳ) ಹೊಸ ಪದ್ಧತಿಯನ್ನೂ 1847ರಲ್ಲಿ ಸಿಲಿಂಡರಾಕಾರದ ಕೊಳವೆಯನ್ನೂ ರೂಪಿಸಿದರು. ಹಳೆಯ ಬೆರಳಿಕೆಯನ್ನು ಬಿಡಲೊಲ್ಲದವರಿಗಾಗಿ ಸಿಕ್ಕಾಮಾ, ರಾಡ್‌ಕ್ಲಿಫ್ ಎಂಬವರ ಮಾದರಿಗಳೂ ಕಾರ್ಟ್ ಎಂಬವರ 1867ರ ಮಾದರಿಯೂ ಬಂದವು. ಎಲ್ಲ ಬೆರಳುಗಳನ್ನೂ ಎತ್ತಿದರೆ ಡಿ ಕೊಡುವ 1867ರ ಮಾದರಿ ಬಹಳ ಜಾಣತನದ್ದು, ಶಾರ್ಪ್, ಫ್ಲಾಟ್‌ಗಳು ಹೆಚ್ಚಿರುವ ಕಷ್ಟದ ಶ್ರುತಿಗಳಲ್ಲಿ ಅದೇ ಮೇಲು. ಆದರೂ ಡಿ ಮತ್ತು ಜಿ ಶ್ರುತಿಗಳ ನಿಧಾನದ ರಾಗಗಳಿಗೆ ನಾನು ಎತ್ತಿಕೊಳ್ಳುವುದು ಈ ಎಂಟು ಕೀಗಳದ್ದನ್ನೇ.

ಕೊಳ್ಳುವವರು ಊದುವ ರಂಧ್ರವಿರುವ ತಲೆಭಾಗವನ್ನು ಬೆಳಕಿಗೆ ಹಿಡಿದು ನೋಡಬೇಕು. ಒಣ ಹವೆಯಲ್ಲಿ ಮರ ಕುಗ್ಗುತ್ತದೆ, ಒಳಗಿನ ಲೋಹದ ಕೊಳವೆ ಕುಗ್ಗುವುದಿಲ್ಲ; ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಬಳಿಕ ಶ್ರುತಿಯನ್ನು ಪರೀಕ್ಷಿಸಿ: ಅಂದಿನ ಎಷ್ಟೋ ಇಂಗ್ಲಿಷ್ ಫ್ಲೂಟ್‌ಗಳನ್ನು ಎ ಸ್ವರ ಸುಮಾರು 452 ಹರ್ಟ್ಸ್ ಇರುವಂತೆ ಮಾಡಿದ್ದರು, ಇಂದಿನ 440ಕ್ಕೆ ಇಳಿಸಲೆಂದು ತಲೆಭಾಗವನ್ನು ಬಹಳ ಹೊರಗೆಳೆದರೆ ಎಡಗೈ ಸ್ವರಗಳು ಬಲಗೈ ಸ್ವರಗಳಿಗಿಂತ ಹೆಚ್ಚು ಇಳಿದು ಇಡೀ ಸ್ವರಶ್ರೇಣಿಯೇ ಕೆಡುತ್ತದೆ. ಅಂಥದ್ದನ್ನು ಎಷ್ಟೇ ಚೆಂದವಿದ್ದರೂ ಇತರರೊಡನೆ ನುಡಿಸಲು ಕೊಳ್ಳಬೇಡಿ.