ಮುಂಬೈ ಜಿಪಿಒದಿಂದ ಮ್ವಾಂಜಾಕ್ಕೆ ಖಡಕ್ ರೊಟ್ಟಿ: ಮೂರು ಪಾರ್ಸೆಲ್ ಕಳಿಸಿದ ಅನುಭವ

ಹೊರದೇಶದಲ್ಲಿರುವ ಮನೆಯವರಿಗೆ ತಿಂಡಿ ಕಳಿಸಬೇಕು ಅಂತ ಮುಂಬೈನಲ್ಲಿ ದಾರಿ ಹುಡುಕುತ್ತಿದ್ದರೆ ಸುಮ್ನೆ ಅಲ್ಲಿ ಇಲ್ಲಿ ಅಲೆಯಬೇಡಿ. ಸಿಎಸ್‌ಎಂಟಿ ಸ್ಟೇಷನ್ ಪಕ್ಕದ ದೊಡ್ಡ ಪೋಸ್ಟ್ ಆಫೀಸಿಗೆ, ಅಂದರೆ ಜಿಪಿಒಗೆ ಹೋಗಿ. ನಾನು ಒಂದೂವರೆ ವರ್ಷದಲ್ಲಿ ಮೂರು ಪಾರ್ಸೆಲ್ ಕಳಿಸಿದ್ದೇನೆ, ಮೂರೂ ತಲುಪಿವೆ.

ಕಳಿಸುವುದು ನನ್ನ ತಮ್ಮನಿಗೆ. ಅವನಿಗೆ 26 ವರ್ಷ. ಬಳ್ಳಾರಿಯಲ್ಲಿ ಬೆಳೆದವನು, ಓದು ಮುಗಿಸಿ ಕಥೋಲಿಕ ಸನ್ಯಾಸಿ ಸಂಸ್ಥೆಯೊಂದನ್ನು ಸೇರಿ ಬ್ರದರ್ ಆದ, ಈಗ ಟಾಂಜಾನಿಯಾದ ಮ್ವಾಂಜಾ ಹತ್ತಿರ ಮಿಷನ್‌ನಲ್ಲಿದ್ದಾನೆ. ವಿಕ್ಟೋರಿಯಾ ಸರೋವರದ ದಂಡೆಯ ಊರು ಅದು, ಎಲ್ಲಿ ನೋಡಿದರೂ ಬಂಡೆ ಮೇಲೆ ಬಂಡೆ. ಹೋದ ವಾರವೇ ಫೋಟೋ ಕಳಿಸಿ "ಅಕ್ಕ, ಹಂಪಿ ಪಕ್ಕಕ್ಕೆ ಸಮುದ್ರ ಬಂದ ಹಾಗಿದೆ ನೋಡು" ಅಂದಿದ್ದ. ಬೆಳಿಗ್ಗೆ ಪ್ರಾರ್ಥನೆ, ಬಲಿಪೂಜೆ, ಆಮೇಲೆ ಶಾಲೆಯಲ್ಲಿ ಗಣಿತ ಪಾಠ, ಸಂಜೆ ಕಾಯಿಲೆಯವರ ಮನೆಗಳಿಗೆ ಭೇಟಿ. ಊಟಕ್ಕೆ ಹೆಚ್ಚಾಗಿ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಅದು ಅವನಿಗೆ ಚೆನ್ನಾಗಿ ಒಗ್ಗಿದೆ. ಜೋಳದ ರೊಟ್ಟಿ ಬೇಕು ಅಂತ ಅವನು ಒಂದು ಸಲವೂ ಬಾಯಿಬಿಟ್ಟು ಕೇಳಿಲ್ಲ. ಆದರೆ ವಿಡಿಯೋ ಕಾಲ್‌ನಲ್ಲಿ ಅಮ್ಮ ರೊಟ್ಟಿ ಬಡಿಯುವುದು ಕಂಡರೆ ಮಾತು ನಿಲ್ಲಿಸಿ ನೋಡುತ್ತಾ ಕೂರುತ್ತಾನೆ.

ಮೊದಲ ಸಲ ನಾನು ಮನೆ ಹತ್ತಿರದ ಒಂದು ಖಾಸಗಿ ಕೊರಿಯರ್‌ಗೆ ಕೊಟ್ಟೆ. ಪಾರ್ಸೆಲ್ ದೇಶವನ್ನೇ ಬಿಡಲಿಲ್ಲ. ಒಂದು ಮೂಲೆ ಹರಿದು, ಚಟ್ನಿಪುಡಿ ಚೆಲ್ಲಿ, 12 ದಿನಕ್ಕೆ ನಮ್ಮ ಡೊಂಬಿವಲಿ ಮನೆಗೇ ವಾಪಸ್ ಬಂತು. ಆ ದಿನ ಅಮ್ಮನಿಗೆ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಅದು ಕೊರಿಯರ್‌ನಲ್ಲಿ ಹೋದದ್ದು, ಹಾಗಾಗಿ ಜಿಪಿಒದ ಮೂರರ ಲೆಕ್ಕದಲ್ಲಿ ಸೇರಿಸಿಲ್ಲ.

ಈಗ ಜಿಪಿಒ ವಿಷಯ. ಕಟ್ಟಡ 1913ರದು, ಜಾನ್ ಬೆಗ್ ಎಂಬವರ ವಿನ್ಯಾಸ. ಒಳಗೆ ಹೋಗಿ ತಲೆ ಎತ್ತಿ ನೋಡಿ. ಆ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲ ಗುಮ್ಮಟ! ಅದು ಗೊತ್ತಾದ ಮೇಲೆ ನನಗೆ ಆ ಜಾಗ ಪರಊರು ಅನ್ನಿಸುವುದೇ ಇಲ್ಲ. ಹೊರಗೆ ಪಾರ್ಸೆಲ್ ಹೊಲಿಯುವವರು ಕೂತಿರುತ್ತಾರೆ. ನಾನು ಕೊಡುವುದು ಅಕ್ಕಲಕೋಟ ಕಡೆಯ ಒಬ್ಬ ಹಿರಿಯರಿಗೆ. ಮೊದಲ ಸಲ ಮರಾಠಿಯಲ್ಲಿ ಕೇಳಿದೆ, ನನ್ನ ಮಾತಿನ ಧಾಟಿ ಹಿಡಿದು ಅವರೇ ಕನ್ನಡಕ್ಕೆ ಬಂದರು. "ರೊಟ್ಟಿ ಏನ್ರೀ ಅಕ್ಕಾರ? ಹಂಗಾದ್ರ ಮಲಗಿಸಬ್ಯಾಡ್ರಿ, ನಿಂದ್ರಿಸ್ರಿ. ಮ್ಯಾಲ ಭಾರ ಬಿದ್ರೂ ಮುರಿಯಂಗಿಲ್ಲ." ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ, ರೊಟ್ಟಿಗಳನ್ನು ಡಬ್ಬದಲ್ಲಿ ಸಾಲಾಗಿ ನಿಲ್ಲಿಸಿ, ಎರಡೂ ಕಡೆ ಹಳೆ ಟವೆಲ್ ಒತ್ತಿದರು. ಮೇಲೆ ಮಾಂಜರಪಾಟ ಬಟ್ಟೆ ಸುತ್ತಿ, ದಬ್ಬಣದಲ್ಲಿ ಹೊಲಿಗೆ ಹಾಕಿ, ಗಂಟು ಬಂದಲ್ಲೆಲ್ಲ ಕೆಂಪು ಅರಗು ಕರಗಿಸಿ ಒತ್ತಿದರು. 150 ರೂಪಾಯಿ ತೆಗೆದುಕೊಂಡರು. ಮ್ವಾಂಜಾದಲ್ಲಿ ಡಬ್ಬ ಬಿಚ್ಚಿದಾಗ 40 ರೊಟ್ಟಿಯಲ್ಲಿ ಮುರಿದದ್ದು ಮೂರೇ.

ಹೊಲಿಸುವ ಮುಂಚೆ ತೆರೆದ ಡಬ್ಬವನ್ನೇ ಕೌಂಟರಿಗೆ ಒಯ್ದು ತೋರಿಸಿ. ಯಾವುದು ಹೋಗುತ್ತದೆ, ಯಾವುದು ಹೋಗಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ, ಹೊಲಿಗೆ ಬಿಚ್ಚುವ ಕೆಲಸ ತಪ್ಪುತ್ತದೆ. ಉಪ್ಪಿನಕಾಯಿ, ತುಪ್ಪದಂಥ ಎಣ್ಣೆ ಜಿಡ್ಡಿನದು ನಾನು ಇಡುವುದೇ ಇಲ್ಲ. ಗುರುತಿನ ಚೀಟಿಯ ಜೆರಾಕ್ಸ್‌ಗೆ ಸಹಿ ಹಾಕಿ ಒಯ್ಯಿರಿ. ಕಸ್ಟಮ್ಸ್ ಫಾರಂನಲ್ಲಿ ಬರೀ 'ತಿಂಡಿ' ಅಂತ ಬರೆಯದೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ನೋಟ್‌ಬುಕ್ ಅಂತ ಒಂದೊಂದನ್ನೂ ತೂಕ, ಬೆಲೆ ಸಮೇತ ಬಿಡಿಸಿ ಬರೆಯಿರಿ. ಸ್ಪೀಡ್ ಪೋಸ್ಟ್ ರಸೀದಿಯ ನಂಬರ್ ಕಳೆಯಬೇಡಿ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್. ಅದೇ ನಂಬರ್ ಹಾಕಿ ಪಾರ್ಸೆಲ್ ಎಲ್ಲಿದೆ ಅಂತ ನೋಡಬಹುದು, ನಾನಂತೂ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ.

ಒಂದು ತಪ್ಪು ನನ್ನಿಂದ ಆಯಿತು, ನೀವು ಮಾಡಬೇಡಿ. ವಿಳಾಸದಲ್ಲಿ ಚರ್ಚ್ ಹೆಸರು, ಊರು ಬರೆದು ಬಿಟ್ಟೆ. ಅಲ್ಲಿ ನಮ್ಮ ಹಾಗೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ತಂದುಕೊಡುವ ರೂಢಿ ಕಡಿಮೆ, ಪೋಸ್ಟ್ ಬಾಕ್ಸ್ ನಂಬರ್ ಬೇಕು. ಅದನ್ನು ಅವರು ಎಸ್.ಎಲ್.ಪಿ. ಅಂತ ಬರೆಯುತ್ತಾರೆ. ಆ ಪಾರ್ಸೆಲ್ ಅಲ್ಲಿನ ಪೋಸ್ಟ್ ಆಫೀಸಿನಲ್ಲಿ ಎರಡು ವಾರ ಸುಮ್ಮನೆ ಕೂತಿತ್ತು, ತಮ್ಮನೇ ರಸೀದಿ ನಂಬರ್ ಹಿಡಿದು ಹೋಗಿ ಬಿಡಿಸಿಕೊಂಡು ಬಂದ. ಮುಂದಿನ ಎರಡು 20-22 ದಿನಕ್ಕೆ ತಲುಪಿದವು.

ನೋಟ್‌ಬುಕ್ ಯಾಕೆ ಅಂದರೆ, ಅವನು ಸ್ವಾಹಿಲಿ ಕಲಿಯುತ್ತಿದ್ದಾನೆ, ಪ್ರತಿ ಪದದ ಮುಂದೆ ಕನ್ನಡ ಅರ್ಥ ಬರೆಯುತ್ತಾನೆ. ಚಪಾತಿಗೆ ಅಲ್ಲೂ ಚಪಾತಿಯೇ, ಗಾಡಿಗೆ 'ಗಾರಿ', ಅಲ್ವಾ ಚೆಂದ? ಜರ್ಮನಿಯ ಮಿಷನರಿ ಕಿಟ್ಟೆಲ್ 1853ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅವರಿಗೆ 21 ವರ್ಷ, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅವರ ಕ್ರೈಸ್ತ ಸಭೆ ಬೇರೆ, ನಮ್ಮದು ಬೇರೆ. ಆದರೂ ತಮ್ಮನ ನೋಟ್‌ಬುಕ್ ಫೋಟೋ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಕಿಟ್ಟೆಲ್ಲರೇ, ಆಮೇಲೆ ಜರ್ಮನಿಯಲ್ಲಿ ಅವರಿಗಾಗಿ ಕಾದ ಮನೆಯವರು.

ಅಲ್ಲಿ ಗಂಟೆ ಎಣಿಸುವುದೇ ಬೇರೆ. ಬೆಳಿಗ್ಗೆ ಏಳಕ್ಕೆ 'ಒಂದು ಗಂಟೆ' ಅನ್ನುತ್ತಾರೆ. ಹೋದ ಹೊಸದರಲ್ಲಿ 'ಸಾ ಕುಮಿ'ಗೆ, ಅಂದರೆ ಹತ್ತು ಗಂಟೆಗೆ, ಒಂದು ಮನೆಯಲ್ಲಿ ಜುಮುಯಿಯಾ ಇದೆ ಅಂದರಂತೆ. ಅಕ್ಕಪಕ್ಕದ ಕುಟುಂಬಗಳು ಸೇರಿ ವಾರಕ್ಕೊಮ್ಮೆ ಮಾಡುವ ಪ್ರಾರ್ಥನೆ ಅದು. ಇವನು ಬೆಳಿಗ್ಗೆ ಹತ್ತಕ್ಕೆ ಹೋದ, ಅವರು ಹೇಳಿದ್ದು ಸಂಜೆ ನಾಲ್ಕು. ಮನೆಯಲ್ಲಿ ಒಬ್ಬ ಅಜ್ಜಿ ಮಾತ್ರ. ಅಲ್ಲಿ ಅಜ್ಜಿಗೆ 'ಬೀಬಿ' ಅನ್ನುತ್ತಾರೆ. ಆಕೆ ಇವನನ್ನು ವಾಪಸ್ ಕಳಿಸಲಿಲ್ಲ, ಗಂಜಿ ಕೊಟ್ಟು, ಮುಂದೆ ಮೆಕ್ಕೆಜೋಳದ ತೆನೆ ಸುರಿದರು. ನಾಲ್ಕರ ತನಕ ಇಬ್ಬರೂ ಕಾಳು ಬಿಡಿಸುತ್ತಾ ಕೂತರಂತೆ. ಭಾಷೆ ಬಾರದೆ ಪ್ರಾರ್ಥನೆಯೂ ಒಣಗಿಹೋಗಿದ್ದ ದಿನಗಳವು, ಆ ಮಧ್ಯಾಹ್ನ ದೇವರು ಎದುರಿಗೆ ಕೂತ ಹಾಗಿತ್ತು ಅಂತ ತಮ್ಮ ಹೇಳಿದ. ನಾನು ಕೇಳಿಸಿಕೊಂಡೆ ಅಷ್ಟೇ, ಏನೂ ಹೇಳಲಾಗಲಿಲ್ಲ.

ಮೇ ತಿಂಗಳಲ್ಲಿ ಅವನಿಗೆ ಮಲೇರಿಯಾ ಬಂತು. ಜ್ವರದಲ್ಲಿ ಜಪಸರ ಹಿಡಿದರೆ ಸ್ವಾಹಿಲಿಯ 'ಸಲಾಮು ಮರಿಯಾ' ಬಾಯಿಗೆ ಬರುತ್ತಿರಲಿಲ್ಲ, ಅಮ್ಮ ಕಲಿಸಿದ ಕನ್ನಡ 'ನಮೋ ಮರಿಯಾ' ಮಾತ್ರ ಬರುತ್ತಿತ್ತಂತೆ. ಊರವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು 'ಪೋಲೆ, ಪೋಲೆ ಸಾನಾ' ಅಂದು ಹೋಗುತ್ತಿದ್ದರು. ನಮ್ಮ 'ಅಯ್ಯೋ ಪಾಪ'ಕ್ಕೆ ಹತ್ತಿರದ ಮಾತು, ಆದರೆ ಅದರಲ್ಲಿ ನಿನ್ನ ನೋವು ನನಗೂ ತಾಗಿತು ಅನ್ನುವುದಿದೆ. ನೋಟ್‌ಬುಕ್‌ನಲ್ಲಿ ಆ ಪದದ ಮುಂದೆ ಜಾಗ ಇನ್ನೂ ಖಾಲಿ ಇದೆ, ಸರಿಯಾದ ಕನ್ನಡ ಸಿಕ್ಕಿಲ್ಲ ಅಂತಾನೆ. ಬೀಬಿ ಮೂರು ದಿನ ಗಂಜಿ ತಂದರು. ಮೂರನೇ ದಿನ ತಮ್ಮ ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡ, ಅವರಿಗೂ ಒಂದು ಚಮಚ ಕೊಟ್ಟ. ಅವರಿಗೆ ಬಹಳ ಹಿಡಿಸಿತು.

ಕ್ರಿಸ್‌ಮಸ್‌ಗೆ ಮುಟ್ಟಬೇಕಾದರೆ ನವೆಂಬರ್ ಮೊದಲ ವಾರವೇ ಕಳಿಸಿ, ನಾನೂ ಆಗಲೇ ಜಿಪಿಒಗೆ ಹೋಗುವವಳು. ಅಮ್ಮ ಬಳ್ಳಾರಿಯಿಂದ ಈ ಸಲ ಚಟ್ನಿಪುಡಿ ಎರಡು ಪೊಟ್ಟಣ ತಂದಿದ್ದಾರೆ, ಅರ್ಧರ್ಧ ಕಿಲೋ. ಒಂದರ ಮೇಲೆ ಪೆನ್ನಿನಲ್ಲಿ 'ಬೀಬಿಗೆ' ಅಂತ ಬರೆದು, ಖಾರ ಸ್ವಲ್ಪ ಕಡಿಮೆ ಹಾಕಿದ್ದಾರೆ.