ಸೋತರೆ ದಂಡ ಎಷ್ಟು? ಐದು ಗೇಮುಗಳ ಲೆಕ್ಕ

ಗೇಮು ಹೇಗಿದೆ ಅಂತ ತಿಳಿಯೋಕೆ ಟ್ರೈಲರ್ ನೋಡಬೇಕಾಗಿಲ್ಲ. ಸೋತಾಗ ಅದು ನಮ್ಮ ಹತ್ತಿರ ಏನು ಕಿತ್ತುಕೊಳ್ಳುತ್ತೆ ಅಂತ ನೋಡಿದರೆ ಸಾಕು. ಒಂದು ಗೇಮು ಕೂಡಿಟ್ಟ ದುಡ್ಡು ಕಿತ್ತುಕೊಳ್ಳುತ್ತೆ, ಇನ್ನೊಂದು ಇಡೀ ದಿನದ ಕೆಲಸ. ಮತ್ತೊಂದು ಏನನ್ನೂ ಮುಟ್ಟಲ್ಲ. ನಾವು ಮಾಡದ ತಪ್ಪಿಗೆ ದಂಡ ಹಾಕೋವೂ ಇವೆ, ಮೌಸ್ ಎಸೆಯೋಷ್ಟು ಸಿಟ್ಟು ಬರೋದು ಅಂಥವುಗಳ ಮೇಲೆ. ಇಲ್ಲಿರೋ ಐದರಲ್ಲಿ ಮೂರು, ಗ್ರಾಫಿಕ್ಸ್ ಕಾರ್ಡ್ ಇಲ್ಲದ 8 ಜಿಬಿ ರ‍್ಯಾಮಿನ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಓಡುತ್ತವೆ. ಒಂದು ಸ್ವಲ್ಪ ತಿಣುಕುತ್ತೆ, ಒಂದು ಫೋನಿನದು.

ಮೊದಲು ಹಾಲೋ ನೈಟ್. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರಿ ಅನ್ನೋ ಪುಟ್ಟ ತಂಡ 2017ರಲ್ಲಿ ತಂದ ಗೇಮು ಇದು. ನೆಲದಡಿಯ ಹುಳುಗಳ ಹಾಳು ರಾಜ್ಯ, ಕೈಯಲ್ಲೊಂದು ಮೊಳೆಯಂಥ ಕತ್ತಿ. ಇಲ್ಲಿನ ದುಡ್ಡಿಗೆ ಜಿಯೋ ಅಂತ ಹೆಸರು (ಸಿಮ್ ಅಲ್ಲ). ಸತ್ತರೆ ಅಷ್ಟೂ ಜಿಯೋ ಸತ್ತ ಜಾಗದಲ್ಲೇ ನಿಮ್ಮ ನೆರಳಿನ ಜೊತೆ ಉಳಿಯುತ್ತೆ. ಅಲ್ಲಿಗೆ ವಾಪಸ್ ಹೋಗಿ ನೆರಳನ್ನ ಹೊಡೆದರೆ ಎಲ್ಲ ಸಿಗುತ್ತೆ, ದಾರಿಯಲ್ಲಿ ಮತ್ತೆ ಸತ್ತರೆ ಹೋಯ್ತು. ದಂಡ ಅಲ್ಲಿಗೇ ಮುಗಿಯಲ್ಲ. ನೆರಳು ಸಿಗೋವರೆಗೆ ಸೋಲ್ (ಗಾಯ ಮಾಯಿಸೋ ಶಕ್ತಿ) ತುಂಬಿಡೋ ಪಾತ್ರೆ ಬಿರುಕುಬಿಟ್ಟಿರುತ್ತೆ, 99 ಹಿಡಿಯೋ ಜಾಗದಲ್ಲಿ 66 ಮಾತ್ರ ಹಿಡಿಯುತ್ತೆ. ಒಂದು ಸಲ ಗಾಯ ಮಾಯಿಸಿಕೊಳ್ಳೋಕೆ 33 ಸೋಲ್ ಬೇಕು, ಶತ್ರುವಿಗೆ ಒಂದು ಏಟು ಬಿದ್ದರೆ 11 ಬರುತ್ತೆ. ಅಂದರೆ ಮೂರು ಏಟಿಗೆ ಒಂದು ಜೀವ. ಹೊಸಬರು ಎಡವೋದು ಇಲ್ಲೇ. ಹೆದರಿಕೊಂಡು ದೂರ ಓಡಿದಷ್ಟೂ ಸೋಲ್ ತುಂಬಲ್ಲ, ಸೋಲ್ ಇಲ್ಲದೆ ಗಾಯ ಮಾಯಲ್ಲ. ಬಾಸ್ (ದೊಡ್ಡ ಶತ್ರು) ಮುಂದೆ ಬದುಕೋ ದಾರಿ ಅಂದರೆ ಅದರ ಹತ್ತಿರವೇ ಇರೋದು. ಮಾಯಿಸಿಕೊಳ್ಳುವಾಗ ಸುಮಾರು ಒಂದು ಸೆಕೆಂಡು ಅಲ್ಲಾಡದೆ ನಿಲ್ಲಬೇಕು, ಆದ್ದರಿಂದ ಬಾಸ್ ದೊಡ್ಡ ಏಟು ಹಾಕಿ ಸುಧಾರಿಸಿಕೊಳ್ಳೋ ಹೊತ್ತಿಗೆ ಮಾತ್ರ ಆ ಬಟನ್ ಒತ್ತಿ.

ಕೈಗೆ ಬಂದ ಮೊದಲ ಜಿಯೋವನ್ನ ಡರ್ಟ್‌ಮೌತ್ ಊರಿನ ನಕ್ಷೆ ಅಂಗಡಿಯಲ್ಲಿ ಖರ್ಚು ಮಾಡಿ. ಗರಿ ಲೇಖನಿಗೆ 120, ದಿಕ್ಸೂಚಿ ಚಾರ್ಮಿಗೆ (ಹಾಕಿಕೊಳ್ಳೋ ತಾಯತ) 220, ಒಟ್ಟು 340. ಲೇಖನಿ ಇಲ್ಲದಿದ್ದರೆ ಎಷ್ಟು ಸುತ್ತಿದರೂ ನಕ್ಷೆ ತುಂಬಲ್ಲ. ಲೇಖನಿ ಇದ್ದರೂ ಬೆಂಚಿನ ಮೇಲೆ (ಸತ್ತರೆ ಮತ್ತೆ ಏಳೋದು ಇಲ್ಲೇ) ಕೂತಾಗಲೇ ಹೊಸ ದಾರಿಗಳು ಮೂಡೋದು. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ನೆಲದಲ್ಲಿ ಚದುರಿದ ಕಾಗದ ಕಂಡರೆ ಅಥವಾ ಯಾರೋ ಗುನುಗೋ ದನಿ ಕೇಳಿದರೆ ಆ ಕಡೆಗೇ ಹೋಗಿ, ನಕ್ಷೆ ಮಾರೋ ಕಾರ್ನಿಫರ್ ಅಲ್ಲಿರ್ತಾನೆ. ದಿಕ್ಸೂಚಿ ಒಂದು ನಾಚ್ (ಚಾರ್ಮ್ ಕೂರೋ ಜಾಗ) ಹಿಡಿಯುತ್ತೆ. ಶುರುವಿನಲ್ಲಿ ಇರೋದೇ ಮೂರು ನಾಚ್, ಹಾಗಾಗಿ ಬಾಸ್ ಮುಂದೆ ನಿಲ್ಲೋ ಮೊದಲು ಬೆಂಚಿನಲ್ಲಿ ಕೂತು ಅದನ್ನ ತೆಗೆದು ಬೇರೆ ಚಾರ್ಮ್ ಹಾಕಿ. ಕತ್ತಿ ಹರಿತ ಮಾಡೋ ಕಮ್ಮಾರ ಸಿಟಿ ಆಫ್ ಟಿಯರ್ಸ್‌ನಲ್ಲಿದ್ದಾನೆ. 250 ಜಿಯೋ ಕೊಟ್ಟರೆ ಏಟಿನ ಬಲ 5ರಿಂದ 9ಕ್ಕೆ ಏರುತ್ತೆ, ಐದು ಏಟಿಗೆ ಬೀಳೋ ಹುಳು ಮೂರಕ್ಕೆ ಬೀಳುತ್ತೆ. ಅಷ್ಟು ಅಗ್ಗಕ್ಕೆ ಅಷ್ಟು ಲಾಭ ಈ ಗೇಮಿನಲ್ಲಿ ಬೇರೆಲ್ಲೂ ಸಿಗಲ್ಲ. ಜೇಬು ತುಂಬಿದೆ ಅನ್ನಿಸಿದರೆ ಗೊತ್ತಿಲ್ಲದ ಜಾಗಕ್ಕೆ ಇಳಿಯಬೇಡಿ, ಮೊದಲು ಖರ್ಚು ಮಾಡಿ. ಖಾಲಿ ಜೇಬಿನವನಿಗೆ ಸಾವು ಅಷ್ಟೇನೂ ನೋಯಲ್ಲ.

ಬೇಸರ ಎಲ್ಲಿ ಅಂದರೆ, ಕೆಲವು ಬಾಸ್‌ಗಳ ಹತ್ತಿರ ಬೆಂಚೇ ಇಲ್ಲ. ಸೋಲ್ ಮಾಸ್ಟರ್ ಅನ್ನೋ ಬಾಸ್ ಹತ್ತಿರ ಹೋಗೋ ದಾರಿ ನೋಡಿ: ಸೋತಾಗಲೆಲ್ಲ ದೂರದಿಂದ ಹತ್ತಿಕೊಂಡು, ಅದೇ ಮಂತ್ರವಾದಿಗಳನ್ನ ತಪ್ಪಿಸಿಕೊಂಡು ಬರಬೇಕು. ಕಾದಾಟದಲ್ಲಿ ಕಲಿಯೋದಿದೆ, ನಡೆದು ಬರೋದರಲ್ಲಿ ಕಲಿಯೋದೇನೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದ ಇದರ ಮುಂದಿನ ಭಾಗ ಸಿಲ್ಕ್‌ಸಾಂಗ್ ಇದಕ್ಕಿಂತ ಗಡಸು. ಅದರ ಗಲಾಟೆ ಕೇಳಿ ನೇರ ಅಲ್ಲಿಗೆ ಹಾರೋ ಮೊದಲು ಇದನ್ನ ಅರ್ಧವಾದರೂ ಆಡಿ.

ಸೆಲೆಸ್ಟ್ (2018) ಪೂರ್ತಿ ಇದರ ತಿರುವುಮುರುವು. ಮ್ಯಾಡೆಲಿನ್ ಅನ್ನೋ ಹುಡುಗಿ ಬೆಟ್ಟ ಹತ್ತಬೇಕು, ಕತೆ ಅಷ್ಟೇ. ಅವಳ ಒಳಗಿನ ಭಯ ಬೇರೆ ರೂಪ ತಾಳಿ ಅವಳನ್ನೇ ಅಟ್ಟಿಸಿಕೊಂಡು ಬರುತ್ತೆ. ಜಿಗಿಯೋದು, ಗೋಡೆ ಹಿಡಿಯೋದು, ಗಾಳಿಯಲ್ಲಿ ಎಂಟು ದಿಕ್ಕಿಗೆ ಒಮ್ಮೆ ಚಿಮ್ಮೋದು, ಮೂರೇ ವಿದ್ಯೆ. ಕೂದಲು ಕೆಂಪಿದ್ದರೆ ಚಿಮ್ಮಬಹುದು, ನೀಲಿಯಾದರೆ ನೆಲ ಮುಟ್ಟೋವರೆಗೆ ಕಾಯಬೇಕು. ಸತ್ತ ಕ್ಷಣವೇ ಅದೇ ಪರದೆಯ ಶುರುವಿಗೆ ಬಂದು ನಿಂತಿರ್ತೀರಿ, ದಂಡ ಸೊನ್ನೆ. ಒಂದೇ ಪರದೆಯಲ್ಲಿ ಐವತ್ತು ಸಲ ಸತ್ತರೂ ಸಿಟ್ಟು ಬರದೇ ಇರೋದಕ್ಕೆ ಕಾರಣ ಇದೇ. ದಾರಿಯಲ್ಲಿ ಸಿಗೋ ಸ್ಟ್ರಾಬೆರಿಗಳಿಂದ ಯಾವ ಶಕ್ತಿಯೂ ಬರಲ್ಲ, ಬರೀ ಹಟಕ್ಕೆ ಬಿದ್ದವರಿಗೆ. ಮೊದಲ ಸಲ ಆಡುವಾಗ ಬಿಟ್ಟು ಮುಂದೆ ಹೋಗಿ. ಆಟ ಸುಲಭ ಮಾಡೋ ಅಸಿಸ್ಟ್ ಮೋಡಿನಲ್ಲಿ ವೇಗವನ್ನ 50 ಪರ್ಸೆಂಟಿನವರೆಗೆ ಇಳಿಸಬಹುದು, ಗೋಡೆ ಹಿಡಿಯೋ ಶಕ್ತಿ ಮುಗಿಯದ ಹಾಗೆ ಮಾಡಬಹುದು. ಅದನ್ನ ಮೋಸ ಅನ್ನೋರು ಅನ್ನಲಿ. ವೇಗ 80ಕ್ಕೆ ಇಳಿಸಿ ಕೈ ಕುದುರಿಸಿಕೊಂಡು, ಆಮೇಲೆ 100ಕ್ಕೆ ಏರಿಸಿ ಅದೇ ಪರದೆ ದಾಟೋದು ಒಳ್ಳೆಯ ಅಭ್ಯಾಸ.

ಇಲ್ಲಿ ಕೀಬೋರ್ಡಿನ ಮಾತು ಹೇಳಲೇಬೇಕು, ಯಾಕಂದರೆ ಅರ್ಧ ಸಾವು ಅದರ ತಪ್ಪು. ಸೆಲೆಸ್ಟ್‌ನಲ್ಲಿ ಬಾಣದ ಕೀಗಳಿಂದ ದಿಕ್ಕು, ಸಿ ಒತ್ತಿದರೆ ಜಿಗಿತ, ಎಕ್ಸ್ ಒತ್ತಿದರೆ ಚಿಮ್ಮು, ಜೆಡ್ ಒತ್ತಿದರೆ ಹಿಡಿತ. ಓರೆಯಾಗಿ ಚಿಮ್ಮೋಕೆ ಮೇಲಿನ ಬಾಣ, ಪಕ್ಕದ ಬಾಣ, ಎಕ್ಸ್ ಮೂರೂ ಒಟ್ಟಿಗೆ ಬೀಳಬೇಕು. ಅಗ್ಗದ ಕೀಬೋರ್ಡುಗಳಲ್ಲಿ ಒಳಗಿನ ವೈರಿಂಗ್ ಹಂಚಿಕೊಂಡಿರೋದರಿಂದ ಕೆಲವು ಮೂರು ಕೀಗಳ ಜೋಡಣೆಯಲ್ಲಿ ಮೂರನೆಯದು ದಾಖಲಾಗಲ್ಲ. ಒತ್ತಿದ್ದು ನಿಜ, ಕಂಪ್ಯೂಟರಿಗೆ ತಲುಪಿಲ್ಲ ಅಷ್ಟೇ. ಇದನ್ನ ಪತ್ತೆ ಹಚ್ಚೋದು ಸುಲಭ: ಅದೇ ದಿಕ್ಕಿಗೆ ಹತ್ತು ಸಲ ಪ್ರಯತ್ನಿಸಿದಾಗ ಹತ್ತೂ ಸಲ ಚಿಮ್ಮದಿದ್ದರೆ ತಪ್ಪು ಬೆರಳಿನದ್ದಲ್ಲ. ಚಿಮ್ಮೋ ಬಟನನ್ನ ಎಡಗಡೆಯ ಶಿಫ್ಟಿಗೆ ಬದಲಾಯಿಸಿ. ಶಿಫ್ಟ್, ಕಂಟ್ರೋಲ್ ಕೀಗಳಿಗೆ ಸಾಮಾನ್ಯವಾಗಿ ಬೇರೆ ವೈರಿಂಗ್ ಇರೋದರಿಂದ ಅವು ಈ ತೊಂದರೆಗೆ ಸಿಗಲ್ಲ. ಆದರೆ ಶಿಫ್ಟನ್ನ ಐದು ಸಲ ಒತ್ತಿದ ಕೂಡಲೇ ವಿಂಡೋಸ್ ‘ಸ್ಟಿಕಿ ಕೀಸ್’ ಬೇಕಾ ಅಂತ ಕೇಳಿಕೊಂಡು ಗೇಮಿನ ಮೇಲೆ ಬಂದು ಕೂರುತ್ತೆ, ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿಯಲ್ಲಿ ಅದರ ಶಾರ್ಟ್‌ಕಟ್ ಆಫ್ ಮಾಡಿಬಿಡಿ. ಬ್ಲೂಟೂತ್ ಇಯರ್‌ಫೋನ್ ಕೂಡ ಬೇಡ. ಶಬ್ದ ತಡವಾಗಿ ಬರೋದರಿಂದ ಲಯ ತಪ್ಪುತ್ತೆ, ಹಾಲೋ ನೈಟ್‌ನಲ್ಲಂತೂ ಬಾಸ್ ಏಟಿನ ಮೊದಲು ಮಾಡೋ ಸದ್ದೇ ನಮಗಿರೋ ಎಚ್ಚರಿಕೆ.

ರಾಜಿ: ಆ್ಯನ್ ಏನ್ಷಂಟ್ ಎಪಿಕ್ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರದು, 2020ರದು. ಇಷ್ಟಪಡಬೇಕು ಅಂತಲೇ ಶುರು ಮಾಡೋ ಗೇಮು ಇದು. ದೊಂಬರಾಟದ ಹುಡುಗಿ ರಾಜಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನ ಹುಡುಕಿಕೊಂಡು ಹೊರಡ್ತಾಳೆ. ಕತೆ ಹೇಳೋರು ದುರ್ಗೆ ಮತ್ತು ವಿಷ್ಣು. ನಡುನಡುವೆ ಕತೆ ತೊಗಲುಗೊಂಬೆ ಆಟದ ಹಾಗೆ ನೆರಳುಗಳಲ್ಲಿ ಬರುತ್ತೆ. ಗೊಂಬೆರಾಮರ ಆಟ ನೋಡಿ ಬೆಳೆದ ಊರಿನವರಿಗೆ ಆ ಭಾಗಗಳು ಪರಿಚಿತ ಅನ್ನಿಸುತ್ತವೆ. ಗೋಡೆ ಚಿತ್ರಗಳ ಮುಂದೆ ನಿಂತರೆ ಪುರಾಣದ ತುಣುಕು ಕೇಳಿಸುತ್ತೆ, ಕೋಟೆ ಅಂಗಳಗಳ ಬಣ್ಣ ನೋಡ್ತಾ ನಿಲ್ಲೋ ಹಾಗಿದೆ. ಇಷ್ಟೆಲ್ಲ ಇದ್ದೂ ಆಟ ಕೈಗೆ ಒಗ್ಗಲ್ಲ. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತೆ, ನಾವು ತಿರುಗಿಸೋ ಹಾಗಿಲ್ಲ. ದೂರದಿಂದ ನೋಡುವಾಗ ಎದುರಿನ ಕಟ್ಟೆ ಎಷ್ಟು ಮುಂದಿದೆ ಎಷ್ಟು ಹಿಂದಿದೆ ಗೊತ್ತಾಗಲ್ಲ, ಹಾರಿದವಳು ಪ್ರಪಾತಕ್ಕೆ ಬೀಳ್ತಾಳೆ. ಆ ದಂಡ ನಮ್ಮದಲ್ಲ, ಕ್ಯಾಮೆರಾದ್ದು. ಕಾದಾಟದಲ್ಲಿ ತ್ರಿಶೂಲ ಹಿಡಿದು ನಡುವೆ ನಿಂತರೆ ಎಲ್ಲ ಕಡೆಯಿಂದ ಏಟು ಬೀಳುತ್ತೆ. ಕಂಬಕ್ಕೆ ಜೋತು ಸುತ್ತಿ, ಗೋಡೆ ಹತ್ತಿ ಎರಗೋ ಏಟುಗಳು ಗುಂಪನ್ನ ಚೆದುರಿಸುತ್ತವೆ, ಅವನ್ನೇ ನೆಚ್ಚಿಕೊಳ್ಳಿ. ಇಂಗ್ಲಿಷ್ ಮಾತುಗಾರಿಕೆ ನಾಟಕದ ಮೊದಲ ರಿಹರ್ಸಲ್ ತರ ಇದೆ. ಐದಾರು ಗಂಟೆಗೆ ಗೇಮು ಮುಗಿದು, ಕೊನೆ ಬಾಗಿಲು ಹಾಕಿದ ಹಾಗೆ ತಟ್ಟನೆ ಬರುತ್ತೆ. ಅನ್‌ರಿಯಲ್ ಎಂಜಿನ್ನಿನ 3ಡಿ ಗೇಮಾದ್ದರಿಂದ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತಿಣುಕೋದು ಇದೇ. ರೆಸಲ್ಯೂಷನ್ 720ಕ್ಕೆ, ನೆರಳನ್ನ ಕನಿಷ್ಠಕ್ಕೆ ಇಳಿಸಿ ನೋಡಿ. ಆಗಲೂ ಎಳೆದರೆ, ಗೇಮು ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ವಾಪಸ್ ಕೊಡಬಹುದು: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಮೆನು ತೆರೆದಿಟ್ಟು ಎದ್ದು ಹೋದರೂ ಆ ಗಡಿಯಾರ ಓಡ್ತಾ ಇರುತ್ತೆ, ಮರೀಬೇಡಿ.

ಸ್ಟಾರ್‌ಡ್ಯೂ ವ್ಯಾಲಿ ಮೇಲ್ನೋಟಕ್ಕೆ ಸಾಧು. ಎರಿಕ್ ಬರೋನ್ ಒಬ್ಬರೇ ಕೂತು ಕೋಡು, ಚಿತ್ರ, ಸಂಗೀತ ಎಲ್ಲ ಮಾಡಿ 2016ರಲ್ಲಿ ತಂದ ಬೇಸಾಯದ ಗೇಮು. ಶುರುವಿಗೆ ಕೈಯಲ್ಲಿ 500 ಕಾಸು, 15 ಪಾರ್ಸ್‌ನಿಪ್ (ಕ್ಯಾರೆಟ್ ತರದ ಗಡ್ಡೆ) ಬೀಜ. ಸಾವು ಇಲ್ಲಿ ಅಪರೂಪ, ದಂಡ ಬೀಳೋದು ದಿನಗಳ ಲೆಕ್ಕದಲ್ಲಿ. ಬೆಳಗ್ಗೆ 6ಕ್ಕೆ ಎದ್ದರೆ ರಾತ್ರಿ 2ರವರೆಗೆ ಒಂದು ದಿನ, ಅದು ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಮಲಗಿದಾಗ ಮಾತ್ರ ಸೇವ್ ಆಗುತ್ತೆ. ಮಧ್ಯಾಹ್ನ ಊಟಕ್ಕೆ ಕರೆದರು ಅಂತ ಮುಚ್ಚಿದರೆ ಬೆಳಗ್ಗಿಂದ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮೆನು ತೆರೆದಿಟ್ಟು ಹೋಗಿ, ಒಬ್ಬರೇ ಆಡುವಾಗ ಅಲ್ಲಿ ಕಾಲ ನಿಲ್ಲುತ್ತೆ. ರಾತ್ರಿ 2ಕ್ಕೆ ಮನೆಯ ಹೊರಗಿದ್ದರೆ ಕುಸಿದು ಬಿದ್ದು, ಕೈಯಲ್ಲಿದ್ದ ದುಡ್ಡಿನ ಹತ್ತನೇ ಒಂದು ಪಾಲು (ಹೆಚ್ಚೆಂದರೆ 1000) ಹೋಗುತ್ತೆ.

ಋತು ಅಂದರೆ 28 ದಿನ. ಋತು ಬದಲಾದ ಬೆಳಗ್ಗೆ ಹಿಂದಿನ ಬೆಳೆ ಒಣಗಿ ನಿಂತಿರುತ್ತೆ, ಹೊಸಬರ ಕೈ ಸುಡೋದು ಇದೇ. ಹೂಕೋಸು 12 ದಿನದ ಬೆಳೆ, ವಸಂತದ 16ರೊಳಗೆ ನೆಡಬೇಕು. ಆಲೂಗಡ್ಡೆ 6 ದಿನ, ಕೊನೆ ತಾರೀಕು 22. ಪಾರ್ಸ್‌ನಿಪ್ 4 ದಿನ, 24ರವರೆಗೆ ನೆಡಬಹುದು, ಆದರೆ 24 ಬುಧವಾರ, ಬುಧವಾರ ಬೀಜ ಮಾರೋ ಪಿಯರ್‌ನ ಅಂಗಡಿ ಮುಚ್ಚಿರುತ್ತೆ. ಬೀಜ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. 13ರ ಮೊಟ್ಟೆ ಹಬ್ಬದಲ್ಲಿ ಸ್ಟ್ರಾಬೆರಿ ಬೀಜ 100ಕ್ಕೊಂದು ಸಿಗುತ್ತೆ. 8 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 4 ದಿನಕ್ಕೊಂದು, ಹಣ್ಣಿಗೆ 120. 16ರೊಳಗೆ ನೆಟ್ಟರೆ ಎರಡು ಕೊಯ್ಲು ಸಿಕ್ಕು 100ಕ್ಕೆ 240 ಬರುತ್ತೆ. 17ಕ್ಕೆ ನೆಟ್ಟರೆ ಒಂದೇ ಕೊಯ್ಲು, ದುಡಿದಿದ್ದಕ್ಕೆ ಬರೀ 20 ಉಳಿಯುತ್ತೆ. ಹಾಗಾಗಿ 12ರವರೆಗೆ ಬೇರೆ ಏನಕ್ಕೂ ದುಡ್ಡು ಬಿಚ್ಚಬೇಡಿ.

ಒಂದು ಗಿಡಕ್ಕೆ ನೀರು ಹಾಕೋಕೆ ಶಕ್ತಿ 2 ಖರ್ಚಾಗುತ್ತೆ, ಇರೋದು 270. ನಲವತ್ತು ಗಿಡ ಇಟ್ಟರೆ ಬೆಳಗ್ಗೆಯೇ 80 ಹೋಯ್ತು. ನೀರಿನ ಕ್ಯಾನನ್ನ ತಾಮ್ರದ್ದಾಗಿಸೋಕೆ 2000 ಕಾಸು, 5 ತಾಮ್ರದ ಗಟ್ಟಿ ಬೇಕು. ಒಂದು ಗಟ್ಟಿಗೆ 5 ಅದಿರು, 1 ಕಲ್ಲಿದ್ದಲು. ಕಮ್ಮಾರ ಕ್ಯಾನನ್ನ ಎರಡು ದಿನ ಇಟ್ಟುಕೊಳ್ತಾನೆ, ಅಷ್ಟು ದಿನ ಗಿಡಕ್ಕೆ ನೀರಿಲ್ಲ. ಇದಕ್ಕೊಂದು ಉಪಾಯ ಇದೆ. ಮನೆಯ ಟಿವಿಯಲ್ಲಿ ನಾಳೆ ಮಳೆ ಅಂದ ದಿನ, ಬೆಳಗ್ಗೆ ಎಲ್ಲದಕ್ಕೂ ನೀರು ಹಾಕಿ, ಸಂಜೆ 4ರೊಳಗೆ ಕ್ಯಾನ್ ಕೊಟ್ಟುಬಿಡಿ. ಮಾರನೇ ದಿನ ಮಳೆ ನೋಡಿಕೊಳ್ಳುತ್ತೆ, ಮೂರನೇ ದಿನ ಬೆಳಗ್ಗೆ 9ಕ್ಕೆ ಅಂಗಡಿ ತೆರೆದಾಗ ಕ್ಯಾನ್ ಕೈಗೆ ಬರುತ್ತೆ. ಗಿಡ 15 ದಾಟಿದರೆ ಬೆದರುಬೊಂಬೆ ಇರಲಿ, ಕಾಗೆ ಬರುತ್ತೆ. ಮೀನು ಹಿಡಿಯೋದು ಮೊದಮೊದಲು ತಲೆನೋವು. 25 ಕಾಸಿನ ಕಲಿಕೆ ಗಾಳ ಕೊಂಡರೆ ಮೀನು ಕೈಗೆ ಹತ್ತುತ್ತೆ. ನೇರ ಹೇಳಬೇಕಂದರೆ ಮೊದಲ ವರ್ಷ ಅದ್ಭುತ, ಆಮೇಲೆ ಊರಿನವರು ಅದೇ ಮಾತು ತಿರುಗಿ ಆಡೋಕೆ ಶುರು ಮಾಡ್ತಾರೆ, ಬೇಸಾಯ ಹೋಗಿ ಲೆಕ್ಕಪತ್ರ ಉಳಿಯುತ್ತೆ.

ಕೊನೆಗೆ ಎಲ್ಲರ ಫೋನಿನಲ್ಲೂ ಇರೋ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಗುಂಡು ಹಾರಿಸಿ ಕೊನೆವರೆಗೆ ಉಳಿಯೋ ಗೇಮು. 2021ರ ಜುಲೈನಲ್ಲಿ ಬಂತು, ಮರುವರ್ಷ ಜುಲೈನಲ್ಲಿ ಸ್ಟೋರಿಂದ ಮಾಯವಾಯ್ತು, 2023ರ ಮೇನಲ್ಲಿ ವಾಪಸ್ ಬಂತು. ಆಗ ಹಾಕಿದ ಮಿತಿ 18 ತುಂಬದ ನಮ್ಮಂಥವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6. ಎರಾಂಗೆಲ್ ನಕ್ಷೆಯಲ್ಲಿ 100 ಜನ, ಕೊನೆವರೆಗೆ ಉಳಿದರೆ ಸುಮಾರು ಅರ್ಧ ಗಂಟೆ. 25 ನಿಮಿಷ ಮನೆಮನೆ ಹೊಕ್ಕು ಸಾಮಾನು ಹೆಕ್ಕಿ, ಎಲ್ಲಿಂದಲೋ ಬಂದ ಒಂದು ಗುಂಡಿಗೆ ಸತ್ತು, ಆಟಕ್ಕೆ ಮೊದಲು ಕಾಯೋ ಲಾಬಿಗೆ ವಾಪಸ್. ಐದರಲ್ಲಿ ಅತಿ ದುಬಾರಿ ದಂಡ ಇದರದ್ದು. ಕೆಳಗಿನ ಟಿಯರುಗಳಲ್ಲಿ (ಆಟಗಾರರ ದರ್ಜೆ) ಎದುರಿಗೆ ಬರೋರಲ್ಲಿ ಬಾಟ್‌ಗಳು (ಕಂಪ್ಯೂಟರೇ ಆಡಿಸೋ ಆಟಗಾರರು) ತುಂಬಿರ್ತಾರೆ, ಅಲ್ಲಿ ಹತ್ತು ಕಿಲ್ ಬಂತು ಅಂತ ಬೀಗಬೇಡಿ. ಶುರುವಿನವರಿಗೆ ಎಕೆಎಂ ಬದಲು ಎಂ416 ಬಂದೂಕು ಒಳ್ಳೆಯದು. ಅದಕ್ಕೆ ಹಿಡಿಕೆ, ಹಿಂಬದಿಯ ಸ್ಟಾಕ್ ಎರಡೂ ಹಾಕಬಹುದು, ಎಕೆಎಂಗೆ ಅವೆರಡೂ ಇಲ್ಲ, ಆದ್ದರಿಂದ ನಳಿಗೆ ಮೇಲಕ್ಕೆ ಏರೋದು ಜಾಸ್ತಿ. ಫಸ್ಟ್ ಏಡ್ ಕಿಟ್ ಆರೋಗ್ಯವನ್ನ 75ರವರೆಗೆ ಮಾತ್ರ ಏರಿಸುತ್ತೆ, ಉಳಿದದ್ದಕ್ಕೆ ಎನರ್ಜಿ ಡ್ರಿಂಕ್ ಕುಡಿಯಿರಿ.

ಗ್ರಾಫಿಕ್ಸ್ ‘ಸ್ಮೂತ್’, ಫ್ರೇಮ್ ರೇಟ್ ‘ಎಕ್ಸ್‌ಟ್ರೀಮ್’ ಇಟ್ಟರೆ ಹೆಚ್ಚಿನ ಫೋನುಗಳಲ್ಲಿ 60 ಫ್ರೇಮ್ ಬರುತ್ತೆ. ಅರ್ಧ ಗಂಟೆಗೆ ಆಟ ಎಳೆಯೋಕೆ ಶುರುವಾದರೆ ನೆಟ್‌ವರ್ಕನ್ನ ಬೈಯೋ ಮೊದಲು ಫೋನಿನ ಬೆನ್ನು ಮುಟ್ಟಿ ನೋಡಿ. ಬಿಸಿಯಾದ ಫೋನು ತನ್ನನ್ನ ತಾನೇ ನಿಧಾನ ಮಾಡಿಕೊಳ್ಳುತ್ತೆ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ದಪ್ಪ ಕವರ್ ತೆಗೆದಿಡಿ. ಹೆಜ್ಜೆ ಸದ್ದು ಕೇಳೋಕೆ ವೈರಿನ ಇಯರ್‌ಫೋನೇ ಬೇಕು. ಮೂರು ಗಂಟೆಗೆ ಎರಾಂಗೆಲ್ ಆರು ಆಟ ಅಂತ ಕಾಗದದ ಮೇಲೆ ಬರುತ್ತೆ, ಲಾಬಿಯಲ್ಲಿ ಕಾಯೋದು, ಗೆಳೆಯರು ಬಟ್ಟೆ ಬದಲಾಯಿಸೋದು ಸೇರಿ ಐದೂ ಆಗಲ್ಲ. ಮಾರನೇ ದಿನ ಟೆಸ್ಟ್ ಇದ್ದರೆ ಲಿವಿಕ್ ಅನ್ನೋ ಪುಟ್ಟ ನಕ್ಷೆ ಆಡಿ. 52 ಜನ, 2 ಕಿಲೋಮೀಟರ್ ಅಗಲದ ನಕ್ಷೆ, ಸೋತರೂ ಗೆದ್ದರೂ ಕಾಲು ಗಂಟೆಗೆ ಮುಗೀತು.