ಒಂಟಿ ಹೆಣ್ಣು ಗಿಳಿ ಮೊಟ್ಟೆಯಿಡತೊಡಗಿದರೆ: ಅಂಗಡಿಯ ಸಲಹೆ ಕೇಳಿ ನಮಗಾದದ್ದು

ಮನೆಯಲ್ಲಿ ಕಾಕಟೀಲ್, ಲವ್‌ಬರ್ಡ್ ಅಥವಾ ಬಜರಿಗರ್‌ನಂಥ ಸಣ್ಣ ಗಿಳಿಜಾತಿಯ ಹೆಣ್ಣು ಹಕ್ಕಿ ಸಾಕಿರುವವರು ಈ ಬರಹವನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಗಂಡಿಲ್ಲದ ಹಕ್ಕಿ ಮೊಟ್ಟೆಯಿಟ್ಟಾಗ ಹಲವರು ಅದನ್ನು ಸಂತೋಷದ ಸಂಗತಿಯೆಂದು ತಿಳಿದು ಫೋಟೊ ತೆಗೆದು ನಾಲ್ಕು ಜನರಿಗೆ ತೋರಿಸಿ ಸುಮ್ಮನಾಗುತ್ತಾರೆ. ಕೆಲವರು ಹಕ್ಕಿ ಕೊಂಡ ಅಂಗಡಿಗೆ ಫೋನ್ ಮಾಡಿ, ಅಲ್ಲಿ ಹೇಳಿದಂತೆ ನಡೆಯುತ್ತಾರೆ. ನಾವು ಅಂಗಡಿಯವರ ಮಾತಿನಂತೆ ನಡೆದದ್ದರಿಂದ ನಮ್ಮ ಮನೆಯ ಕಾಕಟೀಲ್ ಗೌರಿ ಸಾವಿನ ದವಡೆಗೆ ಸಿಕ್ಕಿ ಪಾರಾಗಿ ಬಂದಿದೆ, ಆದರೆ ಅದರ ಎಡಗಾಲು ಮೊದಲಿನಂತಿಲ್ಲ. ಅದೇ ಅಂಗಡಿಯಿಂದ ಲವ್‌ಬರ್ಡ್ ತಂದಿದ್ದ ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿ ಹಕ್ಕಿ ಉಳಿಯಲೇ ಇಲ್ಲ. ಎರಡೂ ಮನೆಗಳಿಗೆ ಸಿಕ್ಕ ಸಲಹೆ ಒಂದೇ ಆಗಿತ್ತು, ಆ ಸಲಹೆಯನ್ನು ಇಂದಿಗೂ ಊರೂರುಗಳ ಹಕ್ಕಿ ಅಂಗಡಿಗಳಲ್ಲಿ ಕೊಡುತ್ತಿದ್ದಾರೆ.

ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ ನಾನಿಲ್ಲಿ ಹೇಳುತ್ತಿರುವುದು ಮನೆಗಳಲ್ಲಿ ಸಾಕುವ ವಿದೇಶಿ ಜಾತಿಗಳ ವಿಷಯ ಮಾತ್ರ. ಅವುಗಳಲ್ಲಿ ಅತಿಯಾಗಿ ಮೊಟ್ಟೆಯಿಟ್ಟು ಸೊರಗುವುದು ಕಾಕಟೀಲ್‌ಗಳಲ್ಲಿ ತುಂಬ ಸಾಮಾನ್ಯ.

ಗೌರಿಯನ್ನು ನಮಗೆ ಮಾರಿದ್ದು ಗಂಡು ಎಂದು ಹೇಳಿ. ಬೂದು ಬಣ್ಣದ ಕಾಕಟೀಲ್ ಮರಿಗಳು ಮೊದಲ ಸಲ ಗರಿ ಉದುರಿಸುವವರೆಗೆ ಗಂಡೂ ಹೆಣ್ಣೂ ಒಂದೇ ರೀತಿ ಕಾಣುತ್ತವೆ. ಆ ಬಳಿಕ ಗಂಡಿನ ಮುಖ ಹಳದಿಗೆ ತಿರುಗುತ್ತದೆ, ಹೆಣ್ಣಿನ ಮುಖ ಬೂದಾಗಿಯೇ ಉಳಿದು ಬಾಲದ ಗರಿಗಳ ಕೆಳಬದಿಯಲ್ಲಿ ಅಡ್ಡಪಟ್ಟೆಗಳು ಹಾಗೆಯೇ ಇರುತ್ತವೆ. ಮರಿಯನ್ನು ಕೈಯಲ್ಲಿ ಹಿಡಿದು ಇದು ಗಂಡೇ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬುವ ಅಗತ್ಯವಿಲ್ಲ. ಗರಿ ಅಥವಾ ರಕ್ತದ ಹನಿಯಿಂದ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮಾತ್ರ ಮರಿಯ ಲಿಂಗ ನಿಶ್ಚಯವಾಗಿ ತಿಳಿಯುತ್ತದೆ.

ಪಂಜರದ ತಳದಲ್ಲಿ ಮೊದಲ ಮೊಟ್ಟೆ ಕಂಡಾಗ ಅಂಗಡಿಯವರು ಕೊಟ್ಟ ಸೂಚನೆಗಳನ್ನು ಒಂದೂ ಬಿಡದೆ ಹೇಳುತ್ತೇನೆ, ಏಕೆಂದರೆ ಇವೇ ಮಾತುಗಳು ನಿಮ್ಮ ಕಿವಿಗೂ ಬೀಳಬಹುದು. ಹಕ್ಕಿಗೆ ಗೂಡು ಬೇಕು, ಆದ್ದರಿಂದ ತೂತು ಕೊರೆದ ಮಣ್ಣಿನ ಮಡಕೆಯನ್ನು ಪಂಜರದೊಳಗೆ ಕಟ್ಟಬೇಕು. ಗಂಡಿಲ್ಲದ ಮೊಟ್ಟೆಯಿಂದ ಮರಿಯಾಗದು, ಆದ್ದರಿಂದ ಇಟ್ಟ ಮೊಟ್ಟೆಯನ್ನು ಕೂಡಲೇ ತೆಗೆದು ಬಿಸಾಡಬೇಕು. ಹಕ್ಕಿಗೆ ಶಕ್ತಿ ಬರಲೆಂದು ನೆನೆಸಿದ ಕಾಳು, ಬೆಚ್ಚಗಿನ ಅನ್ನ ಮತ್ತು ಸೂರ್ಯಕಾಂತಿ ಬೀಜವನ್ನು ಹೊಟ್ಟೆ ತುಂಬ ಕೊಡಬೇಕು. ಕೇಳಿದವರಿಗೆ ಇದೆಲ್ಲ ಕರುಣೆಯ ಮಾತಾಗಿಯೇ ತೋರುತ್ತದೆ. ನಮ್ಮ ಅತ್ತೆಯವರೂ ಬಾಣಂತಿಯನ್ನು ನೋಡಿಕೊಳ್ಳುವಷ್ಟೇ ಪ್ರೀತಿಯಿಂದ ಗೌರಿಗೆ ಮೆತ್ತಗಿನ ಅನ್ನ ಕಲಸಿ ಕೊಡುತ್ತಿದ್ದರು. ಆದರೆ ಆ ಮೂರು ಸೂಚನೆಗಳಲ್ಲಿ ಒಂದೊಂದೂ ಇನ್ನಷ್ಟು ಮೊಟ್ಟೆಯಿಡುವಂತೆ ಹಕ್ಕಿಯ ದೇಹವನ್ನು ಪ್ರೇರೇಪಿಸುವಂಥದ್ದು.

ಇದರ ಕಾರಣವನ್ನು ತಿಳಿಯಬೇಕಾದರೆ ಕಾಕಟೀಲ್ ಎಲ್ಲಿಯದೆಂಬುದನ್ನು ನೆನೆಯಬೇಕು. ಅದು ಆಸ್ಟ್ರೇಲಿಯಾದ ಒಳನಾಡಿನ ಒಣಪ್ರದೇಶದ ಹಕ್ಕಿ. ಅಲ್ಲಿ ಮಳೆಯನ್ನು ನಂಬುವಂತಿಲ್ಲ. ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದಾಗ, ಮರದ ಪೊಟರೆ ಸಿಕ್ಕಾಗ, ಆ ಅವಕಾಶವನ್ನು ಬಿಡದೆ ಮೊಟ್ಟೆಯಿಟ್ಟುಬಿಡುವುದು ಅದರ ಸ್ವಭಾವ. ಸದಾ ತುಂಬಿದ ಕಾಳಿನ ಬಟ್ಟಲು, ನೀರು, ಬೆಚ್ಚಗಿನ ಕೋಣೆ ಮತ್ತು ಪೊಟರೆಯಂತಿರುವ ಮಡಕೆ ಇರುವ ನಮ್ಮ ಮನೆಯಲ್ಲಿ ಅದರ ಪಾಲಿಗೆ ಸುಗ್ಗಿಯ ಕಾಲ ಮುಗಿಯುವುದೇ ಇಲ್ಲ. ಇದರ ಜೊತೆಗೆ ಬೆಳಕಿನ ವಿಷಯವೂ ಇದೆ. ಕರ್ನಾಟಕದಲ್ಲಿ ಹಗಲು ವರ್ಷವಿಡೀ ಸುಮಾರು 11ರಿಂದ 13 ಗಂಟೆಗಳಷ್ಟೇ ಇರುತ್ತದೆ, ಆದರೆ ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿದರೆ ಹಕ್ಕಿಯ ಹಗಲು 17 ಗಂಟೆಯಾಗುತ್ತದೆ. ಮೊಟ್ಟೆ ಕೋಳಿ ಫಾರಂಗಳಲ್ಲಿ ಇಳುವರಿ ಹೆಚ್ಚಲೆಂದೇ ದೀಪ ಹಾಕಿ ಹಗಲನ್ನು 16 ಗಂಟೆಯವರೆಗೆ ಹಿಗ್ಗಿಸುತ್ತಾರೆ. ಫಾರಂನವರು ಬೇಕೆಂದೇ ಮಾಡುವುದು ನಮ್ಮ ಮನೆಗಳಲ್ಲಿ ಗೊತ್ತಿಲ್ಲದೆ ನಡೆದುಹೋಗುತ್ತದೆ.

ಮೊಟ್ಟೆ ತೆಗೆಯುವ ಸಲಹೆಯಂತೂ ಎಲ್ಲಕ್ಕಿಂತ ಅಪಾಯಕಾರಿ. ಕಾಕಟೀಲ್ ಒಂದು ಸರದಿಯಲ್ಲಿ ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆಯಿಡುತ್ತದೆ, ನಂತರ ನಿಲ್ಲಿಸಿ ಕಾವಿಗೆ ಕೂರುತ್ತದೆ. ಹೊಟ್ಟೆಯಡಿ ಮೊಟ್ಟೆಗಳಿವೆಯೆಂಬ ಅರಿವೇ ಅದರ ದೇಹಕ್ಕೆ ನಿಲ್ಲಿಸುವ ಸೂಚನೆ. ಒಂದೊಂದನ್ನೂ ತೆಗೆಯುತ್ತ ಹೋದರೆ ಆ ಸೂಚನೆ ತಲುಪುವುದಿಲ್ಲ. ಕಳೆದುಹೋದದ್ದನ್ನು ತುಂಬಿಕೊಡಲು ಹಕ್ಕಿ ಇಡುತ್ತಲೇ ಹೋಗುತ್ತದೆ. ಗೌರಿ ಹಾಗೆಯೇ ಇಡುತ್ತ ಹೋಯಿತು. ನಡುವೆ ಸ್ವಲ್ಪ ಬಿಡುವು ಕೊಟ್ಟಂತೆ ಮಾಡಿ ಮತ್ತೆ ಆರಂಭಿಸುತ್ತಿತ್ತು. ಅಂಗಡಿಯವರನ್ನು ಕೇಳಿದರೆ ಹಕ್ಕಿ ಆರೋಗ್ಯವಾಗಿದೆಯೆಂಬುದಕ್ಕೆ ಅದೇ ಗುರುತು ಎಂದರು.

ತೊಂಬತ್ತು ಗ್ರಾಂ ತೂಗುವ ಹಕ್ಕಿಗೆ ಒಂದು ಮೊಟ್ಟೆಯೆಂದರೆ ಏನು ಎಂಬುದನ್ನು ಯೋಚಿಸಬೇಕು. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಹಾರದಲ್ಲಿ ಸಾಲದೆ ಹೋದ ಕ್ಯಾಲ್ಸಿಯಂ ಅನ್ನು ಹಕ್ಕಿ ತನ್ನ ಮೂಳೆಗಳಿಂದಲೇ ಕರಗಿಸಿ ಚಿಪ್ಪಿಗೆ ಕೊಡುತ್ತದೆ. ನವಣೆ ಮತ್ತು ಸೂರ್ಯಕಾಂತಿ ಬೀಜಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಸೂರ್ಯಕಾಂತಿಯಲ್ಲಿ ಕೊಬ್ಬು ಮಾತ್ರ ಹೆಚ್ಚು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣಗಳು ಸೋಸಿಹೋಗಿರುತ್ತವೆ. ಹೀಗೆ ಸರದಿಯ ಮೇಲೆ ಸರದಿ ಮೊಟ್ಟೆಯಿಟ್ಟ ಹಕ್ಕಿಯ ಮೂಳೆ ಟೊಳ್ಳಾಗುತ್ತದೆ, ಚಿಪ್ಪು ತೆಳುವಾಗುತ್ತದೆ ಅಥವಾ ಚರ್ಮದಂತೆ ಮೆತ್ತಗಾಗುತ್ತದೆ. ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳು ಬಿಗಿದು ಸಡಿಲಗೊಳ್ಳುವುದಕ್ಕೂ ಕ್ಯಾಲ್ಸಿಯಮ್ಮೇ ಬೇಕು. ಕೊನೆಗೊಂದು ದಿನ ಮೆತ್ತಗಿನ ಮೊಟ್ಟೆ ಬಲವಿಲ್ಲದ ಅಂಡನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಗೌರಿಗೆ ಆದದ್ದು ಅದೇ. ಬೆಳಿಗ್ಗೆ ಬಟ್ಟೆ ಸರಿಸಿದಾಗ ಅದು ಕೂರುವ ಕೋಲಿನ ಮೇಲಿರದೆ ಪಂಜರದ ತಳದ ಮೂಲೆಯಲ್ಲಿ ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಕುಳಿತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು, ಕಾಲುಗಳನ್ನು ಅಗಲಿಸಿ ನಿಂತು ಮತ್ತೆ ಮತ್ತೆ ತಿಣುಕುತ್ತಿತ್ತು, ರಾತ್ರಿಯಿಡೀ ಹಿಕ್ಕೆ ಹಾಕಿರಲಿಲ್ಲ. ಬೆರಳು ಒಡ್ಡಿದರೆ ಎಡಗಾಲು ಹಿಡಿತಕ್ಕೇ ಬರಲಿಲ್ಲ. ಒಳಗೆ ಸಿಕ್ಕಿಕೊಂಡ ಮೊಟ್ಟೆ ಕಾಲಿನ ನರವನ್ನು ಒತ್ತುವುದರಿಂದ ಹಾಗಾಗುತ್ತದೆಂದು ನಂತರ ವೈದ್ಯರು ವಿವರಿಸಿದರು. ಅದು ನರವನ್ನಷ್ಟೇ ಅಲ್ಲದೆ ಕರುಳನ್ನೂ ಮೂತ್ರನಾಳಗಳನ್ನೂ ರಕ್ತನಾಳಗಳನ್ನೂ ಒತ್ತುತ್ತದೆ, ಆದ್ದರಿಂದಲೇ ಹಕ್ಕಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಈ ಲಕ್ಷಣಗಳಲ್ಲಿ ಎರಡು ಒಟ್ಟಿಗೆ ಕಂಡರೂ ಸಂಜೆಯವರೆಗೆ ಕಾಯಬೇಡಿ.

ಅಂಗಡಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರವನ್ನು ನೆನೆದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ಹಿಂಭಾಗಕ್ಕೆ ಹರಳೆಣ್ಣೆ ಹಚ್ಚಿ, ಹೊಟ್ಟೆಯನ್ನು ಎರಡು ಬೆರಳಿನಿಂದ ನೀವಿ ಒತ್ತಿದರೆ ಮೊಟ್ಟೆ ಜಾರಿ ಬರುತ್ತದೆ ಎಂದರು. ಬೀದಿಯ ಆ ಇನ್ನೊಂದು ಮನೆಯವರು ಹಾಗೆಯೇ ಮಾಡಿದ್ದರು. ಒತ್ತಿದ ರಭಸಕ್ಕೆ ಮೊಟ್ಟೆ ಒಳಗೇ ಒಡೆಯಿತು, ಹಕ್ಕಿ ಅವರ ಕೈಯಲ್ಲೇ ಪ್ರಾಣ ಬಿಟ್ಟಿತು. ಒಳಗೆ ಒಡೆದ ಚಿಪ್ಪು ಅಂಡನಾಳವನ್ನು ಹರಿಯಬಲ್ಲದು, ಸೋಂಕು ತರಬಲ್ಲದು. ಗರಿಗೆ ಮೆತ್ತಿದ ಎಣ್ಣೆಯಿಂದ ಮೈಶಾಖ ಉಳಿಸಿಕೊಳ್ಳುವ ಶಕ್ತಿಯೂ ಹೋಗುತ್ತದೆ. ಮನೆಯಲ್ಲಿ ಯಾರೂ, ಎಷ್ಟೇ ಅನುಭವಸ್ಥರಾದರೂ, ಹಕ್ಕಿಯ ಹೊಟ್ಟೆಯನ್ನು ಒತ್ತಕೂಡದು.

ಆ ಸಲಹೆಯನ್ನು ಬಿಟ್ಟು ನಾವು ಹತ್ತಿರದ ಪ್ರಾಣಿ ಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿ ನಾಯಿ, ಬೆಕ್ಕುಗಳನ್ನಷ್ಟೇ ನೋಡುತ್ತಿದ್ದರು. ಹಕ್ಕಿಯನ್ನು ಕೈಗೆತ್ತಿಕೊಳ್ಳದೆಯೇ ನಾಳೆಗೆ ತಾನಾಗಿ ಬರುತ್ತದೆಂದು ಹೇಳಿ ಟಾನಿಕ್ ಬರೆದುಕೊಟ್ಟರು. ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಇನ್ನೊಬ್ಬ ವೈದ್ಯರು ನಮಗೆ ಸಿಕ್ಕಿದ್ದು ಹಲವು ಮನೆಗಳಿಗೆ ಫೋನ್ ಮಾಡಿದ ಮೇಲೆ. ಅವರು ಮೊದಲು ಮಾಡಿದ ಕೆಲಸವೆಂದರೆ ಗೌರಿಯನ್ನು ಬೆಚ್ಚಗಿನ, ತೇವಾಂಶವಿರುವ ಪೆಟ್ಟಿಗೆಯಲ್ಲಿಟ್ಟು ಕ್ಯಾಲ್ಸಿಯಂ ಚುಚ್ಚುಮದ್ದು ಮತ್ತು ನೀರಿನಂಶ ಕೊಟ್ಟದ್ದು. ಹಲವು ಹಕ್ಕಿಗಳು ಇಷ್ಟರಲ್ಲೇ ಮೊಟ್ಟೆಯನ್ನು ಹೊರಹಾಕುತ್ತವಂತೆ. ಗೌರಿ ಹಾಕಲಿಲ್ಲ. ಎಕ್ಸ್‌ರೇಯಲ್ಲಿ ಚಿಪ್ಪಿನ ಗೆರೆ ಬಹಳ ಮಸುಕಾಗಿ ಕಂಡಿತು. ಆಮೇಲೆ ಅರಿವಳಿಕೆ ಕೊಟ್ಟು, ಸೂಜಿಯಿಂದ ಮೊಟ್ಟೆಯೊಳಗಿನ ದ್ರವವನ್ನು ಹೀರಿ ಚಿಪ್ಪನ್ನು ಕುಗ್ಗಿಸಿ ಹೊರತೆಗೆದರು. ಇದು ತರಬೇತಿ ಪಡೆದ ಕೈಗಳ ಕೆಲಸ, ಅದರಲ್ಲೂ ಅಪಾಯವಿದೆಯೆಂದು ಅವರು ಮೊದಲೇ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಮನೆಗೆ ಮರಳಿದ ಮೇಲೆ ಅವರ ಸೂಚನೆಯಂತೆ ನಾವು ನಡೆಸಿಕೊಂಡು ಬಂದ ಕ್ರಮ ಅಂಗಡಿಯ ಸಲಹೆಗೆ ಪೂರ್ತಿ ವಿರುದ್ಧವಾದದ್ದು. ಮಡಕೆಯನ್ನು ತೆಗೆದೆವು, ರಟ್ಟಿನ ಪೆಟ್ಟಿಗೆ, ಕನ್ನಡಿ, ಹರಿದ ಕಾಗದ ಯಾವುದೂ ಅದಕ್ಕೆ ಸಿಗದಂತೆ ಮಾಡಿದೆವು. ಸೋಫಾದ ಕೆಳಗೆ, ಬೀರುವಿನ ಸಂದಿಗೆ ನುಸುಳಲು ಬಿಡುವುದನ್ನೂ ನಿಲ್ಲಿಸಿದೆವು, ಏಕೆಂದರೆ ಕತ್ತಲೆಯ ಮೂಲೆಯೆಲ್ಲವೂ ಹೆಣ್ಣು ಹಕ್ಕಿಯ ಕಣ್ಣಿಗೆ ಗೂಡೇ. ಸಂಜೆ ಆರಕ್ಕೆ ಪಂಜರವನ್ನು ಸದ್ದಿಲ್ಲದ ಕೋಣೆಗೆ ಒಯ್ದು ದಪ್ಪ ಬಟ್ಟೆ ಹೊದಿಸಿ, 12ರಿಂದ 14 ಗಂಟೆಗಳ ಕತ್ತಲೆ ಸಿಗುವಂತೆ ನೋಡಿಕೊಳ್ಳುತ್ತೇವೆ. ಪಂಜರದ ಜಾಗವನ್ನೂ ಒಳಗಿನ ಕೋಲುಗಳನ್ನೂ ಆಗಾಗ ಬದಲಿಸುತ್ತೇವೆ. ಮುದ್ದು ಮಾಡುವಾಗ ತಲೆ ಮತ್ತು ಕುತ್ತಿಗೆಯನ್ನು ಮಾತ್ರ ಸವರುತ್ತೇವೆ. ಬೆನ್ನು, ಬಾಲದ ಬುಡ, ರೆಕ್ಕೆಯಡಿ ಸವರಿದರೆ ಹಕ್ಕಿ ಅದನ್ನು ಜೋಡಿಯ ಸ್ಪರ್ಶವೆಂದು ತಿಳಿಯುತ್ತದೆಂಬುದು ಮನೆಯ ಮಕ್ಕಳಿಗೆ ತಿಳಿಹೇಳಲು ಸ್ವಲ್ಪ ಕಷ್ಟವಾಯಿತು, ಆದರೆ ಹೇಳಲೇಬೇಕಾದದ್ದು.

ಆಹಾರದಲ್ಲಿ ಬೆಚ್ಚಗಿನ ಮೆತ್ತನೆಯ ತಿನಿಸು ಮತ್ತು ಸೂರ್ಯಕಾಂತಿ ಬೀಜ ನಿಂತವು. ದಿನವಿಡೀ ತುಂಬಿರುತ್ತಿದ್ದ ಬಟ್ಟಲಿನ ಬದಲು ಬೆಳಿಗ್ಗೆ ಸಂಜೆ ಅಳತೆಯಿಂದ ಕೊಡುತ್ತೇವೆ. ಹಕ್ಕಿಗಳಿಗೆಂದೇ ತಯಾರಿಸಿದ ಪೆಲೆಟ್ ಆಹಾರವನ್ನು ನಿಧಾನವಾಗಿ ರೂಢಿಸಿದೆವು, ಜೊತೆಗೆ ಕ್ಯಾಲ್ಸಿಯಂ ಹೇರಳವಾಗಿರುವ ನುಗ್ಗೆ ಸೊಪ್ಪು ಮತ್ತು ವಿಟಮಿನ್ ಎ ಇರುವ ಕ್ಯಾರೆಟ್ ತುರಿ. ಪಾಲಕ್ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅಂಗಡಿಗಳಲ್ಲಿ ಸಿಗುವ ಕಟಲ್‌ಬೋನ್, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು, ಪಂಜರದಲ್ಲಿ ಸದಾ ಇರುತ್ತದೆ. ಬೆಳಗಿನ ಎಳೆ ಬಿಸಿಲಿನಲ್ಲಿ, ಬೆಕ್ಕು ಕಾಗೆಗಳ ಕಾಟವಿಲ್ಲದಂತೆ ಯಾರಾದರೂ ಪಕ್ಕದಲ್ಲೇ ಕುಳಿತು, ಅರ್ಧ ನೆರಳಿರುವಂತೆ ಪಂಜರವನ್ನು ಹೊರಗಿಡುತ್ತೇವೆ. ಕ್ಯಾಲ್ಸಿಯಂ ದ್ರವದ ಪ್ರಮಾಣವನ್ನು ಮಾತ್ರ ವೈದ್ಯರೇ ಹೇಳಬೇಕು. ಹೆಚ್ಚಾದರೆ ಮೂತ್ರಪಿಂಡಕ್ಕೆ ಕೆಡುಕು.

ಇಷ್ಟಾದ ಮೇಲೂ ಗೌರಿ ಮೊಟ್ಟೆಯಿಡುವುದು ಪೂರ್ತಿ ನಿಂತಿಲ್ಲ, ಆದರೆ ಸರದಿಗಳ ನಡುವಿನ ಬಿಡುವು ಬಹಳ ದೊಡ್ಡದಾಗಿದೆ. ಇಟ್ಟರೆ ಈಗ ನಾವು ತೆಗೆಯುವುದಿಲ್ಲ. ಒಡೆದದ್ದನ್ನು ಮಾತ್ರ ತೆಗೆದು, ಅದೇ ಗಾತ್ರದ ಪ್ಲಾಸ್ಟಿಕ್ ಮೊಟ್ಟೆಯಿಡುತ್ತೇವೆ. ಸುಮಾರು ಮೂರು ವಾರ ಕಾವಿಗೆ ಕೂತು, ಬೇಸತ್ತು ತಾನಾಗಿಯೇ ಎದ್ದುಹೋದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತೇವೆ. ಕಾವಿಗೆ ಕೂತ ಹಕ್ಕಿ ಹಿಕ್ಕೆಯನ್ನು ತಡೆದಿಟ್ಟುಕೊಂಡು ಒಮ್ಮೆಗೇ ದೊಡ್ಡದಾಗಿ ಹಾಕುವುದು ಸಹಜ, ಅದಕ್ಕೆ ಗಾಬರಿ ಬೇಡ. ಇವೆಲ್ಲಕ್ಕೂ ಬಗ್ಗದ ಹಕ್ಕಿಗಳಿಗೆ ಲ್ಯುಪ್ರೊಲೈಡ್‌ನಂಥ ಹಾರ್ಮೋನ್ ಚುಚ್ಚುಮದ್ದನ್ನು ವೈದ್ಯರು ಕೊಡುತ್ತಾರೆ. ಅದರ ಪರಿಣಾಮ ಕೆಲ ವಾರಗಳದ್ದು ಮಾತ್ರವಾದ್ದರಿಂದ ಬೆಳಕು, ಆಹಾರ ಮತ್ತು ಗೂಡಿನ ವಿಷಯದಲ್ಲಿ ಶಿಸ್ತು ಇಲ್ಲದಿದ್ದರೆ ಅದೊಂದೇ ಸಾಲದು. ಅಂಡನಾಳವನ್ನು ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ, ಆದರೆ ಇಷ್ಟು ಸಣ್ಣ ಹಕ್ಕಿಗೆ ಅದು ಕೊನೆಯ ದಾರಿ.

ಹೆಣ್ಣು ಹಕ್ಕಿ ಸಾಕಿರುವವರು ಮೊಟ್ಟೆ ಕಾಣುವ ಮೊದಲೇ ಒಂದು ಕೆಲಸ ಮಾಡಿಟ್ಟುಕೊಳ್ಳಿ. ನಿಮ್ಮ ಊರಿನಲ್ಲಿ ಹಕ್ಕಿಗಳನ್ನು ನೋಡುವ ವೈದ್ಯರು ಯಾರು, ಅವರಲ್ಲಿ ಎಕ್ಸ್‌ರೇ ಮತ್ತು ಹಕ್ಕಿಗೆ ಅರಿವಳಿಕೆ ಕೊಡುವ ವ್ಯವಸ್ಥೆ ಇದೆಯೇ, ರಜಾದಿನ ಯಾರು ಸಿಗುತ್ತಾರೆ ಎಂಬುದನ್ನು ಈಗಲೇ ಫೋನ್ ಮಾಡಿ ಕೇಳಿ ಬರೆದಿಡಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ ಮತ್ತು ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿಯೂ ವಿಚಾರಿಸಬಹುದು. ಹಕ್ಕಿಯನ್ನು ಒಯ್ಯುವಾಗ ಗಾಳಿಯಾಡುವ ಸಣ್ಣ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಗಿಟ್ಟು, ಒಳಗಿನ ಶಾಖ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಿ. ಹಕ್ಕಿ ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ಹೆಚ್ಚಾಗಿದೆಯೆಂದು ತಿಳಿದು ಬಾಟಲಿಯನ್ನು ದೂರ ಸರಿಸಿ. ಕೊನೆಯ ಮೊಟ್ಟೆ ಯಾವ ದಿನ ಇಟ್ಟಿತು, ಹಿಕ್ಕೆ ಯಾವಾಗ ಹಾಕಿತು, ಏನು ತಿಂದಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಇವನ್ನೇ.